ಪಕ್ಕದ ಮನೆಯ ಸಾಕ್ಷಿ

ನಂಜನಗೂಡಿನಲ್ಲಿ ನಾವಿದ್ದದ್ದು ಒಂದಕ್ಕೊಂದು ಗೋಡೆ ಹಂಚಿಕೊಂಡ ಮೂರು ಮನೆಗಳ ಸಾಲಿನಲ್ಲಿ. ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ನಾನು ರವಿಕೆ ಹೊಲಿಯುತ್ತಿದ್ದೆ. ಪಕ್ಕದ ಮನೆಗೆ ತಿ. ನರಸೀಪುರದ ಕಡೆಯ ಹುಡುಗಿಯೊಬ್ಬಳು ಮದುವೆಯಾಗಿ ಬಂದಳು. ಗಂಡ ಲಗೇಜ್ ಆಟೊ ಓಡಿಸುತ್ತಿದ್ದ. ಅವಳು ಕಾರ್ಖಾನೆಯೊಂದಕ್ಕೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಮೂರೂ ಮನೆಗಳು ಅವನ ಚಿಕ್ಕಪ್ಪನವು. ನಾವು ಬಾಡಿಗೆಗಿದ್ದೆವು, ನನ್ನ ಗಂಡ ಆ ಚಿಕ್ಕಪ್ಪನ ಅಕ್ಕಿ ಗಿರಣಿಯಲ್ಲೇ ಕೆಲಸಕ್ಕಿದ್ದರು.

ಒಮ್ಮೆ ಅಳತೆ ಕೊಡಲು ಬಂದವಳು ತೋಳು ಮೊಣಕೈವರೆಗೂ ಇರಲಿ ಎಂದಳು. ಈ ಬೇಸಿಗೆಯಲ್ಲಿ ಅಷ್ಟುದ್ದ ಯಾಕೆ ಎನ್ನುತ್ತಾ ಟೇಪು ಸುತ್ತಲು ಸೆರಗು ಸರಿಸಿದೆ. ರಟ್ಟೆಯ ಮೇಲೆ ಬೆರಳುಗಳ ಗುರುತು ಕಪ್ಪಗೆ ಮೂಡಿತ್ತು.

"ನಿಮ್ಮಮ್ಮಂಗೆ ಹೇಳಿದ್ಯಾ?"

"ಹೇಳ್ದೆ ಅಕ್ಕ. ಒಂದ್ ಮಗು ಆದ್ರೆ ಸರಿ ಓಯ್ತನೆ ಬುಡು ಅಂದ್ಲು."

ಗೋಡೆಯಾಚೆಯ ಸದ್ದು ನಮಗೆ ಅಭ್ಯಾಸವಾಗಿಹೋಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ. ಸದ್ದು ಹೆಚ್ಚಾದಾಗ ನಾನು ಮಿಷನ್ ಜೋರಾಗಿ ತುಳಿಯುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಅವಳು "ಬುಡು, ಬುಡು" ಎಂದು ಕೂಗಿದ್ದು ಕೇಳಿಸಿತು. ಏನೋ ಬಿದ್ದ ಸದ್ದಾಯಿತು. ಆಮೇಲೆ ಏನೂ ಇಲ್ಲ. ಕಾಲು ಗಂಟೆ ಕಳೆದ ಮೇಲೆ ಗಂಡ ಹೊರಗೆ ಬಂದು, "ನೇಣಾಕ್ಕೊಬುಟ್ಲು, ಬನ್ನಿ" ಎಂದು ಕಿರುಚಿದ. ಓಡಿಹೋಗಿ ನೋಡಿದರೆ ಅವಳು ನೆಲದ ಮೇಲಿದ್ದಳು. ತೊಲೆಯಿಂದ ಸೀರೆಯೊಂದು ಇಳಿಬಿದ್ದಿತ್ತು. ತಾನೇ ಬಿಚ್ಚಿ ಇಳಿಸಿದೆ ಎಂದ. ಕೇಳಿದ್ದು, ಕಂಡದ್ದು ಎಲ್ಲವನ್ನೂ ಅವತ್ತೇ ಪೊಲೀಸರಿಗೆ ಹೇಳಿದೆ.

ಸಾಕ್ಷಿ ಹೇಳಲು ಸಮನ್ಸ್ ಬಂದಾಗ ಎರಡು ವರ್ಷ ಕಳೆದಿತ್ತು. ಕೋರ್ಟಿಗೆ ಹೋಗುವ ಹಿಂದಿನ ದಿನ ಅವನ ಚಿಕ್ಕಪ್ಪ ನಮ್ಮ ಮನೆಗೆ ಬಂದು ಕಾಫಿ ಕುಡಿದು ಹೋದರು. ಬೆದರಿಸಲಿಲ್ಲ, ಕೇಸಿನ ಮಾತೂ ಎತ್ತಲಿಲ್ಲ. ಅವರು ಅತ್ತ ಹೋದ ಮೇಲೆ ನನ್ನ ಗಂಡ ಅಂದರು: "ಸತ್ತೋಳು ಸತ್ಲು. ನಾವಿಲ್ಲಿ ಬದುಕ್ಬೇಕು ಕಣೇ. ಮನೇಲಿರ್ನಿಲ್ಲ ಅಂದ್ಬುಡು, ಅಷ್ಟೇ."

ಕಟಕಟೆಯಲ್ಲಿ ನಿಂತು ಅದನ್ನೇ ಅಂದೆ. ಸರ್ಕಾರಿ ವಕೀಲರು ನನ್ನ ಹಳೆಯ ಹೇಳಿಕೆ ಓದಿ, "ಹೀಗೆ ಹೇಳಿದ್ರಲ್ಲಮ್ಮ?" ಎಂದರು. "ಹೇಳಿಲ್ಲ" ಎಂದೆ. ನನ್ನನ್ನು ಪ್ರತಿಕೂಲ ಸಾಕ್ಷಿ ಎಂದು ಬರೆದುಕೊಂಡರು. ರಟ್ಟೆಯ ಮೇಲಿನ ಗುರುತಿನ ಬಗ್ಗೆ ಕೇಳಿದಾಗ ಮಾತ್ರ ಇಲ್ಲವೆನ್ನಲು ನಾಲಿಗೆ ಏಳಲಿಲ್ಲ; ಕಂಡಿದ್ದೆ ಎಂದೆ. ಹಿಂದಿನ ಬೆಂಚಿನಲ್ಲಿ ಅವಳ ತಾಯಿ ಕೂತಿದ್ದರು.

ಹೆಂಡತಿಗೆ ಹಿಂಸೆ ಕೊಟ್ಟದ್ದು ನಿಜ, ಕೊಲೆ ಸಾಬೀತಾಗಿಲ್ಲ ಎಂದು ತೀರ್ಪಾಯಿತು. ಹಿಂಸೆಗೆ ಆದ ಶಿಕ್ಷೆಯ ವಿರುದ್ಧವೂ ಅವನು ಮೇಲ್ಮನವಿ ಹಾಕಿ ಜಾಮೀನಿನಲ್ಲಿ ಹೊರಬಂದ. ಕೊಲೆಯ ಆರೋಪದಿಂದ ಅವನನ್ನು ಬಿಟ್ಟದ್ದರ ವಿರುದ್ಧ ಅವಳ ತಾಯಿ ಹೈಕೋರ್ಟಿಗೆ ಹೋದರು.

ಅವನು ಮತ್ತೆ ಪಕ್ಕದ ಮನೆಗೇ ಬಂದ. ಬೆಳಿಗ್ಗೆ ಬಾಗಿಲು ತೆಗೆದರೆ, "ಏನಕ್ಕ, ತಿಂಡಿ ಆಯ್ತಾ?" ಎನ್ನುತ್ತಿದ್ದ. ಆರು ತಿಂಗಳು ತಡೆದುಕೊಂಡೆ. ಆಮೇಲೆ ಗಂಡನ ಜೊತೆ ಹಟ ಹಿಡಿದು ಮನೆ ಬಿಡಿಸಿ, ತಿ. ನರಸೀಪುರಕ್ಕೆ ಬಂದು ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ ಹಾಕಿದೆ. ಇಲ್ಲಿನ ವಕೀಲರೊಬ್ಬರನ್ನು, ಈಗ ನಿಜ ಹೇಳಿದರೆ ನಡೆಯುತ್ತದೆಯೇ ಎಂದು ಕೇಳಿದೆ.

"ಮೇಲ್ಮನವೀಲಿ ಸಾಕ್ಷಿಗಳನ್ನ ಮತ್ತೆ ಕರೆಯೋದು ಬಹಳ ಅಪರೂಪ ಕಣಮ್ಮ. ಕೆಳಗಿನ ಕೋರ್ಟಲ್ಲಿ ಬರೆದಿರೋದನ್ನೇ ಓದ್ತಾರೆ. ನೀವು ಹೇಳಿದ್ದು ಹೇಳಿದ್ದೇ."

ಅಂಗಡಿ ಹಾಕಿದ ಮೂರನೇ ವರ್ಷ ಆ ತಾಯಿ ಒಂದು ಮಧ್ಯಾಹ್ನ ರವಿಕೆ ಬಟ್ಟೆ ಹಿಡಿದು ಒಳಗೆ ಬಂದರು. ನನ್ನನ್ನು ಕಂಡು ನಿಂತರು, ವಾಪಸ್ ಹೋಗಲಿಲ್ಲ. ನಾನೇ ಸ್ಟೂಲು ಕೊಟ್ಟು ಎಲ್ಲ ಹೇಳಿದೆ: ಆವತ್ತು ನಾನು ಮನೆಯಲ್ಲೇ ಇದ್ದದ್ದು, "ಬುಡು, ಬುಡು" ಎಂದದ್ದು, ಬಿದ್ದ ಸದ್ದು.

"ಇನ್ನೇನಂದ್ಲು?" ಎಂದು ಕೇಳಿದರು.

"ಅಷ್ಟೇ."

"ನನ್ನ ಕರುದ್ಲಾ?"

ಹೂಂ ಎನ್ನೋಣ ಎನ್ನಿಸಿತು. "ಇಲ್ಲ ಕಣಮ್ಮ" ಎಂದೆ.

ಅವರು ಬಟ್ಟೆಯನ್ನು ಮಡಿಸಿಕೊಂಡು ಎದ್ದುಹೋದರು.

ಮಾರನೇ ವರ್ಷ ಹೈಕೋರ್ಟಿನ ತೀರ್ಪು ಬಂತು. ಕುತ್ತಿಗೆ ಹಿಸುಕಿದ ಮೇಲೆ ನೇಣು ಹಾಕಿದ್ದು ಎಂದು ಹೆಣ ಪರೀಕ್ಷಿಸಿದ ಡಾಕ್ಟರು ಹೇಳಿದ್ದರು. ಆಗ ಒಳಗಿದ್ದವರು ಗಂಡ ಹೆಂಡತಿ ಇಬ್ಬರೇ ಎಂದು ಅವನೇ ಒಪ್ಪಿದ್ದ. ಅವಳು ಸತ್ತದ್ದು ಹೇಗೆ ಎಂಬುದಕ್ಕೆ ಒಪ್ಪುವಂಥ ಉತ್ತರ ಕೊಟ್ಟಿರಲಿಲ್ಲ. ಜೀವಾವಧಿ ಶಿಕ್ಷೆಯಾಯಿತು.

ಸುದ್ದಿ ಹೇಳಲು ತಾಯಿಯೇ ಅಂಗಡಿಗೆ ಬಂದರು. "ನಿನ್ ಸಾಕ್ಸಿ ಬ್ಯಾಡಾಯ್ತು ಕಣವ್ವ" ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮೊನ್ನೆ ಮತ್ತೆ ಬಂದಿದ್ದರು, ಕೈಯಲ್ಲಿ ಕವರಿತ್ತು. ಅವನು ಸುಪ್ರೀಂ ಕೋರ್ಟಿಗೆ ಹೋಗಿದ್ದಾನೆ, ಅದರ ನೋಟೀಸು.

"ಇಂಗ್ಲೀಸ್ನಲ್ಲದೆ. ವಕೀಲ್ರ ತಾವ್ಕೆ ಓಗ್ಬೇಕು. ಅವ್ರು ಯೋಳದು ನಂಗ್ ಅರ್ಥಾಗಕಿಲ್ಲ. ನೀ ಬತ್ತೀಯಾ?"

ಮದುವೆ ಮನೆಯ ಎರಡು ರವಿಕೆ ಸಂಜೆಯೊಳಗೆ ಮುಗಿಸಬೇಕಿತ್ತು. ಷಟರ್ ಎಳೆದು ಅವರ ಜೊತೆ ಹೊರಟೆ.