ಕೂರಿಸಬೇಕಾದವನನ್ನು ಮಲಗಿಸಿದೆ

ಅಕ್ಷತಾ, ನಿನ್ನ ಅಪ್ಪ ಏನೂ ಹೇಳಿ ಹೋಗಲಿಲ್ಲ ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ಹೇಳಿದ್ದ. ನನ್ನಿಂದ ಮಾತು ತೆಗೆದುಕೊಂಡೇ ಹೇಳಿದ್ದ. ತನ್ನನ್ನು ಸುಡಬಾರದು, ಮಲಗಿಸಲೂಬಾರದು, ನಮ್ಮ ಲಿಂಗಾಯತ ಮನೆತನದ ಎಲ್ಲರ ಹಾಗೆ ಕೂರಿಸಿ ಮಣ್ಣು ಕೊಡಬೇಕು — ಅವನು ಕೇಳಿದ್ದು ಇಷ್ಟೇ. ನಾನು ಅವನನ್ನು ಮಲಗಿಸಿದೆ. ಆಮೇಲೆ ಸುಡಿಸಿದೆ. ಆಮೇಲೆ ನಿನ್ನ ಮುಂದೆ ನಿಂತು, ಅವನು ಏನೂ ಹೇಳಿಲ್ಲ ಎಂದೆ.

ನಾನು ಎಂಥವಳು ಎಂದು ನಿನಗೆ ಗೊತ್ತು. ಹುಬ್ಬಳ್ಳಿಯಲ್ಲಿ ನರ್ಸಾಗಿ ಸೇರಿ, ಮೇಟ್ರನ್ ಆಗಿ ನಿವೃತ್ತಳಾದವಳು. ನಿನ್ನ ಅಮ್ಮ ತೀರಿಕೊಂಡ ಮೇಲೆ ಆಕ್ಲೆಂಡಿನ ಹೆಂಡರ್ಸನ್ನಿನಲ್ಲಿರುವ ನಿಮ್ಮ ಮನೆಗೆ ಬಂದು ನಾನು ಮೊದಲು ಮಾಡಿದ ಕೆಲಸ ಹಾಸಿಗೆಗಳನ್ನು ಸರಿಪಡಿಸಿದ್ದು. "ಇದು ಮನೀ ಅಲ್ಲ, ವಾರ್ಡು. ನಾ ಪೇಶಂಟು" ಎಂದು ನಿನ್ನ ಅಪ್ಪ ಬಸು ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ತಮ್ಮ ನಕ್ಕರೆ ನಾನು ನಗುತ್ತಿರಲಿಲ್ಲ. ಅದೂ ಒಂದು ಶಿಸ್ತು ಎಂದುಕೊಂಡಿದ್ದೆ.

ನೀನು ಲಂಡನ್ನಿನಲ್ಲಿ ಕೆಲಸಕ್ಕೆ ಸೇರಿದ ವರ್ಷ, 2014ರಲ್ಲಿ, ನಾವಿಬ್ಬರೂ ನಿನ್ನನ್ನು ನೋಡಲು ಬಂದೆವಲ್ಲ — ನೀನು ಆಫೀಸಿಗೆ ಹೋದ ಒಂದು ದಿನ ಅವನು ನನ್ನನ್ನು ವಿಲ್ಟ್‌ಶೈರಿನ ಹಳ್ಳಿಗಾಡಿಗೆ ಎಳೆದುಕೊಂಡು ಹೋದ. ಅಲ್ಲಿ ಸಾವಿರಾರು ವರ್ಷ ಹಳೆಯ ಸಮಾಧಿ ದಿಬ್ಬಗಳಿವೆ. ರಸ್ತೆ ಕಟ್ಟುವ ಎಂಜಿನಿಯರ್ ಅವನು. ಬೇರೆಯವರು ಅರಮನೆ ನೋಡಿದರೆ ಇವನು ಮಣ್ಣು ನೋಡುವವನು. ಮೊದಲು ಅಲ್ಲಿನ ಒಂದು ಸಣ್ಣ ಮ್ಯೂಸಿಯಂಗೆ ಹೋದೆವು. ಗಾಜಿನ ಪೆಟ್ಟಿಗೆಯೊಳಗೆ, ದಿಬ್ಬವೊಂದನ್ನು ಅಗೆದಾಗ ಸಿಕ್ಕ ಅಸ್ಥಿಪಂಜರ. ಮೊಣಕಾಲುಗಳನ್ನು ಎದೆಗೆ ಮಡಚಿಕೊಂಡು ಒಂದು ಮಗ್ಗುಲಾಗಿತ್ತು. ತಲೆಯ ಹತ್ತಿರ ಒಂದು ಮಣ್ಣಿನ ಗಡಿಗೆ. ಬಸು ಗಾಜಿಗೆ ಹಣೆ ತಾಗಿಸಿ ನಿಂತುಬಿಟ್ಟ.

"ಅಕ್ಕಾ, ಇಂವಾ ನಮ್ಮಾಂವ ನೋಡು. ಕುಂತಾನ. ಮಗ್ಗಲಾಗಿ ಬಿದ್ದಾನ ಅಷ್ಟ."

"ಗಾಜಿಗೆ ಹಣಿ ಹಚ್ಚಬ್ಯಾಡ, ಕಲೆ ಬೀಳತೈತಿ" ಎಂದೆ.

ಅಲ್ಲಿಂದ ಗೋಧಿ ಹೊಲದ ಅಂಚಿನಲ್ಲಿ ನಡೆದು ಒಂದು ಉದ್ದನೆಯ ದಿಬ್ಬಕ್ಕೆ ಹೋದೆವು. ದೂರಕ್ಕೆ ಅದು ಹುಲ್ಲು ಬೆಳೆದ ದಿಣ್ಣೆ, ಅಷ್ಟೇ. ಹತ್ತಿರ ಹೋದರೆ ಎತ್ತರದ ಬಂಡೆಗಳು, ಅವುಗಳ ಹಿಂದೆ ಒಳಗೆ ಹೋಗುವ ದಾರಿ, ದಾರಿಯ ಎರಡೂ ಕಡೆ ಕಲ್ಲಿನ ಗೂಡುಗಳು. ಒಂದು ಕಾಲಕ್ಕೆ ಅವುಗಳಲ್ಲಿ ಸತ್ತವರನ್ನು ಇಟ್ಟಿದ್ದರಂತೆ. ಈಗ ಖಾಲಿ. ಬಸು ಒಳಗೆ ಹೋದ, ನಾನು ದಾರಿಯ ಬಾಯಲ್ಲೇ ನಿಂತೆ. ಬೂಟಿಗೆಲ್ಲ ಬಿಳಿ ಕೆಸರು ಮೆತ್ತಿತ್ತು, ಬಸ್ಸಿಗೆ ಹೊತ್ತಾಗುತ್ತಿತ್ತು. ಒಳಗಿನಿಂದ ಸದ್ದೇ ಇಲ್ಲ. ಬಗ್ಗಿ ನೋಡಿದರೆ — ಒಂದು ಗೂಡಿನಲ್ಲಿ, ಬಂಡೆಗೆ ಬೆನ್ನು ಕೊಟ್ಟು, ಚಕ್ಕಂಬಕ್ಕಳ ಹಾಕಿ ಕೂತಿದ್ದಾನೆ. ಕಣ್ಣು ಮುಚ್ಚಿದೆ. ಎಡಗೈಯನ್ನು ಅಂಗೈ ಮೇಲಾಗಿ ಎದೆಯ ಮುಂದೆ ಹಿಡಿದಿದ್ದಾನೆ. ನಮ್ಮ ಅಪ್ಪನನ್ನು ಕುಣಿಯಲ್ಲಿ ಕೂರಿಸಿದ್ದು ಹಾಗೆಯೇ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು.

"ನನ್ನನ್ನೂ ಹಿಂಗ ಕುಂಡ್ರಸು, ಅಕ್ಕಾ. ಸುಡಬ್ಯಾಡ್ರಿ. ಅಕ್ಷೂಗ ಇದೆಲ್ಲಾ ಗೊತ್ತಿಲ್ಲ, ನೀನ ನಿಂತು ಮಾಡಸಬೇಕು."

"ಏಳು, ಪ್ಯಾಂಟ್ ಹೊಲಸಾತು. ಬಸ್ ಹೋಗತೈತಿ."

"ಮಾತು ಕೊಡು, ಏಳತೀನಿ."

"ಆತು, ಕೊಟ್ಟೆ. ಏಳೀಗ."

ಬಸ್ಸು ಸಿಕ್ಕಿತು. ಬಸ್ಸು ತಪ್ಪಬಾರದೆಂದು ಕೊಟ್ಟ ಮಾತು ಅದು. ಆದರೂ ಮಾತೇ.

ಎರಡು ವರ್ಷದ ನಂತರ ಒಂದು ಬೆಳಿಗ್ಗೆ ಅವನು ಚಹಾಕ್ಕೆ ಏಳಲಿಲ್ಲ. ಡಾಕ್ಟರು ಬಂದು ನೋಡಿ ಹೋದರು. ಅವರ ಕಾರು ತಿರುಗುವ ಮೊದಲೇ ನನ್ನ ಕೈ ಕೆಲಸ ಶುರು ಮಾಡಿತ್ತು — ಕಣ್ಣು ಮುಚ್ಚುವುದು, ದವಡೆ ಕಟ್ಟುವುದು, ಮೈ ಒರೆಸುವುದು. ಎಷ್ಟು ಜನರಿಗೆ ಮಾಡಿದ ಕೆಲಸ. ಅವನು ಚಿಕ್ಕಂದಿನಿಂದಲೂ ಮೊಣಕಾಲು ಮಡಚಿಕೊಂಡು ಮಲಗುವವನು, ಹಾಗೆಯೇ ಹೋಗಿದ್ದ. ಮೈ ಸೆಟೆಯಲು ಶುರುವಾಗಿತ್ತು. ಕಾಲುಗಳನ್ನು ನೇರ ಮಾಡಲು ಬಲ ಹಾಕಬೇಕಾಯಿತು. ಹಾಕಿದೆ.

ಮರೆತಿದ್ದೆ ಎಂದು ಬರೆಯಲು ಮನಸ್ಸು ಎಳೆಯುತ್ತದೆ. ಮರೆತಿರಲಿಲ್ಲ. ಆ ಮೊಣಕಾಲಿನ ಮೇಲೆ ಅಂಗೈ ಒತ್ತುವಾಗಲೇ ಕಲ್ಲಿನ ಗೂಡು ಕಣ್ಣ ಮುಂದೆ ಬಂತು. ಮೊದಲು ಇದೊಂದು ಮುಗಿಸಿಬಿಡೋಣ ಎಂದುಕೊಂಡು ಇನ್ನೊಂದು ಕಾಲನ್ನು ಒತ್ತಿದೆ. ಮೈ ಸೆಟೆದ ಮೇಲೆ ಕೂರಿಸಲು ಬರುವುದಿಲ್ಲ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಎರಡು ದಿನ ಕಳೆದರೆ ಆ ಬಿಗಿ ತಾನೇ ಸಡಿಲವಾಗುತ್ತದೆ. ನರ್ಸಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ನೀನು ವಿಮಾನದಲ್ಲಿ ಬಂದಿಳಿಯುವ ಹೊತ್ತಿಗೆ ಅವನು ಮೆತ್ತಗಾಗಿದ್ದ —

ಫ್ಯೂನರಲ್ ಹೋಮಿನಿಂದ ಬಂದ ಹೆಂಗಸು ಒಳ್ಳೆಯವಳು. ನಿಮ್ಮಲ್ಲಿ ಏನಾದರೂ ಪದ್ಧತಿ ಇದ್ದರೆ ಹೇಳಿ, ಹೇಗೆ ಮಾಡಬಹುದು ನೋಡೋಣ ಎಂದಳು. ವಿಶೇಷ ಏನೂ ಇಲ್ಲ ಎಂದೆ. ಸತ್ತವನನ್ನು ಗೋಡೆಗೆ ಒರಗಿಸಿ ಕೂರಿಸುವುದನ್ನು, ಕುಣಿಯೊಳಗೆ ಗೂಡು ತೋಡುವುದನ್ನು ಆ ಬಿಳಿಯ ಹೆಂಗಸಿಗೆ ವಿವರಿಸಲು ನನಗೆ ನಾಚಿಕೆಯಾಯಿತು. ಸ್ವಂತ ಅಪ್ಪನಿಗೆ ಆದದ್ದನ್ನು ಹೇಳಲು ನಾಚಿಕೆ.

ಸಂಜೆ ಪಾಟೀಲ ಅಂಕಲ್ ಫೋನ್ ಮಾಡಿದರು. ಆಕ್ಲೆಂಡಿನಲ್ಲಿ ನಮ್ಮ ಕಡೆಯ ಹಿರಿಯರು ಅವರೇ.

"ಅಕ್ಕಾರ, ಮಣ್ಣು ಯಾವಾಗ್ರಿ? ಹುಡುಗ್ರನ್ನ ಕರಕೊಂಡು ಬರ್ತೀನಿ, ಕುಣಿ ಕೆಲಸಕ್ಕ."

"ಈ ದೇಶದಾಗ ಕುಂಡ್ರಿಸಿ ಇಡಾಕ ಬಿಡೂದಿಲ್ರಿ. ಸುಡೂದ ಗತಿ."

"ಹಂಗಂತ ಯಾರ ಅಂದ್ರು?"

"ಫ್ಯೂನರಲ್ ಹೋಮಿನವರ."

ಅವರು ಫೋನ್ ಇಟ್ಟರು. ಆಗುವುದಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಕೇಳಿರಲೇ ಇಲ್ಲ.

ಆಮೇಲೆ ನೀನು ಬಂದೆ. ಕೋಟು ಸಹ ತೆಗೆಯದೆ ಕೇಳಿದೆ: "ಅತ್ತಿ, ಡ್ಯಾಡ್ ಎನಿಥಿಂಗ್ ಹೇಳಿದ್ರಾ? ಬರಿಯಲ್ ಬೇಕು ಅಂತ ಏನರ?"

"ಏನೂ ಹೇಳಿಲ್ಲವ್ವಾ. ಎಲ್ಲಾ ಬುಕ್ ಆಗೇತಿ. ಒಂದೀಟ ಉಣ್ಣು."

ನೀನು ನಂಬಿದೆ. ನಿನಗೆ ನಂಬಲು ನಾನೊಬ್ಬಳೇ ಇದ್ದೆ.

ಪೆಟ್ಟಿಗೆಯಲ್ಲಿ ಮಲಗಿದವನ ಅಂಗೈಯಲ್ಲಿ ಇಷ್ಟಲಿಂಗ ನಿಲ್ಲಲಿಲ್ಲ. ಇಟ್ಟ ಹಾಗೆಲ್ಲ ಜಾರಿ ಪಕ್ಕೆಗೆ ಬೀಳುತ್ತಿತ್ತು. ಕೂತವನ ಕೈಗಾಗಿ ಇರುವ ವಸ್ತು ಅದು. ನಾನು ಬ್ಯಾಂಡೇಜ್ ತಂದು, ಬೆರಳುಗಳನ್ನು ಮಡಚಿ, ಅಂದವಾಗಿ ಸುತ್ತಿ ಕಟ್ಟಿದೆ. "ಥ್ಯಾಂಕ್ಸ್, ಅತ್ತಿ" ಎಂದು ನೀನು ನನ್ನ ಭುಜಕ್ಕೆ ತಲೆಯಿಟ್ಟೆ. ಮಣ್ಣಿಗೆ ಹೋಗಬೇಕಾದ ಲಿಂಗವೂ ಬೆಂಕಿಗೆ ಹೋಯಿತು.

ಬೂದಿಯನ್ನು ಪಶ್ಚಿಮದ ಕಪ್ಪು ಮರಳಿನ ತೀರದಲ್ಲಿ ಸಮುದ್ರಕ್ಕೆ ಬಿಟ್ಟೆವು. ವಾಪಸು ಬರುವಾಗ ಕಾರಿನಲ್ಲಿ ನೀನು ಇಂಗ್ಲಿಷಿನಲ್ಲಿ ಕೇಳಿದೆ — ಡ್ಯಾಡ್ ನೆನಪಾದರೆ ನಾನು ಎಲ್ಲಿಗೆ ಹೋಗಲಿ ಎಂದು. ಹೋಗಿ ಕೂರಲು ನಿನಗೊಂದು ಜಾಗ ಇರಬೇಕಿತ್ತು. ಅವನು ಅದನ್ನು ಕೇಳಿಯೇ ಇದ್ದ. ಇಬ್ಬರ ಜಾಗವನ್ನೂ ನಾನು ಇಲ್ಲವಾಗಿಸಿದೆ.

ಅಂದಿನಿಂದ ಅವನು ನನ್ನ ಬಳಿ ಇದ್ದಾನೆ. ದೆವ್ವ ಎಂದು ಹೇಳುತ್ತಿಲ್ಲ. ಅಂಥದ್ದನ್ನೆಲ್ಲ ನಂಬಿದವಳಲ್ಲ ನಾನು. ಆದರೆ ಬೆಳಿಗ್ಗೆ ಹಾಸಿಗೆ ಸರಿ ಮಾಡಿ, ಹೊದಿಕೆಯ ಅಂಚನ್ನು ಎಳೆದು ಸಿಕ್ಕಿಸಿ, ಕೊನೆಗೆ ಅಂಗೈಯಿಂದ ಒಮ್ಮೆ ಸವರುವಾಗ — ಕೆಳಗೆ ಏನೋ ತಾಗುತ್ತದೆ. ಮಡಚಿದ ಮೊಣಕಾಲು. ಎತ್ತಿ ನೋಡಿದರೆ ಏನೂ ಇರುವುದಿಲ್ಲ. ಆಕ್ಲೆಂಡಿನ ಈ ಹಸಿರು ಗುಡ್ಡಗಳ ಪಕ್ಕ ಬಸ್ಸು ಹಾದುಹೋಗುವಾಗ ಕಣ್ಣು ಬೇರೆ ಕಡೆ ತಿರುಗಿಸುತ್ತೇನೆ. ಪ್ರತಿಯೊಂದರ ಒಳಗೂ ಯಾರೋ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾರೆ, ನನ್ನ ತಮ್ಮನೊಬ್ಬನೇ ಹೊರಗಿದ್ದಾನೆ ಅನ್ನಿಸುತ್ತದೆ. ನಾನೀಗ ನೆಲದ ಮೇಲೆ ಚಕ್ಕಂಬಕ್ಕಳ ಹಾಕುವುದಿಲ್ಲ. ಆಗುವುದಿಲ್ಲ.

ಮೂರು ವರ್ಷವಾಯಿತು. ನೀನು ಪ್ರತಿ ಭಾನುವಾರ ಫೋನ್ ಮಾಡುತ್ತೀ. ನಾನು ಚಪಾತಿ, ಹವೆ, ಬಿ.ಪಿ. ಮಾತಾಡಿ ಇಡುತ್ತೇನೆ. ಇವತ್ತು ಇದನ್ನು ಬರೆಯುತ್ತಿರುವುದು ಕನ್ನಡದಲ್ಲಿ. ನಿನಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಯಾರಿಗೆ ಹೇಳಬೇಕೋ ಅವಳಿಗೆ ಓದಲು ಬಾರದ ಅಕ್ಷರದಲ್ಲಿ ಒಪ್ಪಿಕೊಳ್ಳುವುದು ಸುಲಭ. ಆದ್ದರಿಂದ ಇದು ಸಾಲದು. ಈ ಭಾನುವಾರ ಬಾಯಿಬಿಟ್ಟು ಹೇಳುತ್ತೇನೆ. ನಿನ್ನ ನಂತರ ಪಾಟೀಲರಿಗೂ ಹೇಳುತ್ತೇನೆ.

ನೀನು ಅಳುತ್ತೀಯೋ, ಫೋನ್ ಇಟ್ಟುಬಿಡುತ್ತೀಯೋ ಗೊತ್ತಿಲ್ಲ. ಯಾಕೆ ಹೀಗೆ ಮಾಡಿದೆ ಎಂದಂತೂ ಕೇಳುತ್ತೀ. ಮೂರು ವರ್ಷ ಹುಡುಕಿದ್ದೇನೆ, ಅಕ್ಷತಾ. ಕಾಲು ನೇರವಾಗಿದ್ದರೆ ಹಾಸಿಗೆ ಅಚ್ಚುಕಟ್ಟಾಗಿ ಕಾಣುತ್ತದೆ — ಅದಕ್ಕಿಂತ ದೊಡ್ಡ ಕಾರಣ ನನಗೆ ಸಿಕ್ಕಿಲ್ಲ.