ಸೆನ್ಸೆಕ್ಸ್ ಏರಿದ ಸಂಜೆಗಳು

ನಮ್ಮತ್ತೆ ಧಾರಾವಾಹಿ ಬಿಟ್ಟು ವಾರ್ತೆ ನೋಡತೊಡಗಿದ್ದು ರಸ್ತೆಗೆ ಹೋದ ಜಮೀನಿನ ಪರಿಹಾರ ಬಂದ ವರ್ಷ. ಆ ಹಣದಲ್ಲಿ ತಮ್ಮ ಪಾಲನ್ನು ಅವರು ಕಿರಿಯ ಮಗನ, ಅಂದರೆ ನನ್ನ ಮೈದುನನ ಕೈಗೆ ಕೊಟ್ಟಿದ್ದರು. ಹೊಸಕೋಟೆಯ ಗೋದಾಮಿನಲ್ಲಿ ಕೆಲಸಕ್ಕಿದ್ದ ಅವನು ಅಷ್ಟನ್ನೂ ಒಂದೇ ಕಂಪನಿಯ ಷೇರಿಗೆ ಹಾಕಿದ. ಗಂಡ ಬಿಟ್ಟು ಬಂದಿದ್ದ ನನ್ನ ನಾದಿನಿಗೆ ಕುಂದಾಣದ ನಮ್ಮ ಹಿತ್ತಲಲ್ಲೇ ಆ ಹಣದಿಂದ ಎರಡು ಕೋಣೆಯ ಮನೆ ಕಟ್ಟಿಸಬೇಕು ಎಂಬುದು ಅತ್ತೆಯ ಹಟ.

ಸಂಜೆ ಡೈರಿಗೆ ಹಾಲು ಹಾಕಿ ಬಂದು ಟಿವಿ ಮುಂದೆ ಕೂರುತ್ತಿದ್ದೆವು. ವಾರ್ತೆ ತಪ್ಪಿದ ದಿನ ಸೆನ್ಸೆಕ್ಸ್ ಏನಾಯ್ತೆಂದು ಮೈದುನನನ್ನೇ ಕೇಳುತ್ತಿದ್ದೆವು. ಸೆನ್ಸೆಕ್ಸ್ ಏರಿದೆ ಎಂದ ಕೂಡಲೇ ಅತ್ತೆಯ ಮುಖ ಅರಳುತ್ತಿತ್ತು.

"ಡೈರೀಲಿ ಲೀಟರ್‌ಗೆ ಇಷ್ಟು ಅಂತ ಏರ್ಸುದ್ರೆ ನಮ್ಮನೆ ಹಾಲಿಗೂ ಏರ್ತದಲ್ಲ, ನಮ್ ಷೇರೂ ಹಂಗೇ ತಾನೇನಮ್ಮಾ?"

"ಹೂಂ ಅತ್ತೆ, ಹಂಗೇ," ಎನ್ನುತ್ತಿದ್ದೆ. ನಾನೂ ಹಾಗೆಂದೇ ನಂಬಿದ್ದೆ. ನಾದಿನಿ ಒಮ್ಮೆ ಹಿತ್ತಲ ಕಡೆ ನೋಡುತ್ತಿದ್ದಳು.

ಕೊನೆಗೂ ಪಾಯ ತೆಗೆಯಲು ದಿನ ಗೊತ್ತಾಯಿತು. "ಇನ್ನು ಮಾರ್ಬಿಡಪ್ಪಾ," ಎಂದರು ಅತ್ತೆ. ಮೈದುನ ತಲೆ ತಗ್ಗಿಸಿ ಮೊಬೈಲನ್ನು ನನ್ನ ಕಡೆ ಚಾಚಿದ. ನೋಡಿದರೆ ಹಾಕಿದ ಹಣದ ಅರ್ಧವೂ ಅಲ್ಲಿಲ್ಲ.

"ಏನೋ ಇದು? ನಿನ್ನೇನೂ ಏರ್ತು ಅಂದ್ರಲ್ಲೋ!"

"ಏರಿದ್ದು ಸೆನ್ಸೆಕ್ಸ್, ಅತ್ತಿಗೆ. ಅದು ದೊಡ್ಡ ದೊಡ್ಡ ಮೂವತ್ತು ಕಂಪನಿ ಸೇರ್ಸಿ ಹಾಕೋ ಲೆಕ್ಕ. ನಮ್ದು ಅದ್ರಲ್ಲಿಲ್ಲ."

"ಯಾವಾಗಿಂದ ಇಲ್ಲ?"

"ಯಾವತ್ತೂ ಇರ್ಲಿಲ್ಲ."

ಅಷ್ಟೊಂದು ಸಂಜೆ ನಮಗೆ ಸಂಬಂಧವೇ ಇಲ್ಲದ ಸುದ್ದಿಗೆ ಹಿಗ್ಗಿದ್ದೆವೇ? ಆಮೇಲೆ ಸಿಟ್ಟು ನೆತ್ತಿಗೇರಿತು.

"ಮತ್ತೆ ನೀನ್ಯಾಕೋ ಬಾಯಿಗೆ ಬೀಗ ಹಾಕ್ಕೊಂಡಿದ್ದೆ?"

"ಸೆನ್ಸೆಕ್ಸ್ ಏನಾಯ್ತು ಅಂತ ಕೇಳ್ತಿದ್ರಿ, ಹೇಳ್ತಿದ್ದೆ. ನಮ್ ಷೇರು ಏನಾಯ್ತು ಅಂತ ಯಾರ್ ಕೇಳಿದ್ರಿ? ಇವತ್ತಲ್ಲ ನಾಳೆ ಮೇಲ್ ಬರ್ತದೆ, ಆಗ ಹೇಳಣ ಅಂತಿದ್ದೆ."

ಕಪಾಳಕ್ಕೆ ಎರಡು ಬಿಡಬೇಕೆನ್ನಿಸಿತು. ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ, ಅದಕ್ಕೇ ಇನ್ನಷ್ಟು ಉರಿಯಿತು.

ಅತ್ತೆ ಸೂರು ಹಾರಿಹೋಗುವಂತೆ ಕೂಗಾಡುತ್ತಾರೆ ಎಂದುಕೊಂಡೆ. ಅವರು ಕೂಗಾಡಲಿಲ್ಲ. ಮಗನನ್ನು ನೋಡಿದರು, ನನ್ನನ್ನು ನೋಡಿದರು, ಗೋಡೆಗೊರಗಿ ಕೂತಿದ್ದ ಮಗಳ ಮುಖ ನೋಡಲಾರದೆ ಕಣ್ಣು ಕೆಳಗಿಳಿಸಿದರು.

"ಹಂಗಾರೆ ದಿನಾ ಸಂಜೆ ನಾವು ಕುಸಿಪಟ್ಟಿದ್ದು," ಎಂದರು ಮೆಲ್ಲಗೆ, "ಯಾರ್ ದುಡ್ಡಿಗಮ್ಮಾ?"