ಹೊಲಿಸದ ಹಸಿರು ಖಣ

ಟ್ರಂಕಿನ ಮುಚ್ಚಳ ತೆಗೆದರೆ ನುಸಿಗುಳಿಗೆಯ ವಾಸನೆ ಬರುವುದು ರೂಢಿ. ಈವತ್ತು ಬೆಳಿಗ್ಗೆ ನಮ್ಮ ಟ್ರಂಕಿನಿಂದ ಬಂದದ್ದು ಅರಿಷಿಣದ ವಾಸನೆ. ಮೇಲಿನ ಎರಡು ಇಳಕಲ್ ಸೀರೆ, ಒಂದು ಶಾಲು ಎತ್ತಿ ಪಕ್ಕಕ್ಕಿಟ್ಟರೆ ಕೆಳಗೆ ಹಸಿರು ಕುಪ್ಪಸದ ಖಣ. ನಾಲ್ಕು ಮಡಿಕೆಯಾಗಿ, ಮಡಿಕೆಯ ಗೆರೆಗಳಿಗೆ ಹಳದಿ ಹತ್ತಿಕೊಂಡು, ಇನ್ನೂ ಸೂಜಿ ಕಾಣದೆ. ಮೂಗಿಗೆ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ನಮ್ಮ ಮನೆಯವರು ಪಡಸಾಲೆಯಿಂದ, “ಟ್ರಂಕಿನಾಗ ಇಳದೀ ಏನ?” ಎಂದು ಕೂಗಿದಾಗಲೇ ಎದ್ದದ್ದು.

ಈ ಖಣದ ಕತೆ ಹೇಳಬೇಕೆಂದರೆ ನನ್ನ ಎರಡು ಚಟಗಳನ್ನು ಮೊದಲು ಹೇಳಬೇಕು. ಒಂದು ಹೇಳಿಕೊಳ್ಳುವಂಥದ್ದು, ಇನ್ನೊಂದು ಅಲ್ಲ. ಸಂಜೆ ದೇವರ ಜಗುಲಿಯ ಮುಂದೆ ದೀಪ ಹಚ್ಚಿ, ಅವತ್ತು ಅವನು ಮಾಡಿದ ಉಪಕಾರಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸುವುದು ಮೊದಲನೆಯದು. ದೊಡ್ಡವೇನಲ್ಲ. ಹಾಲು ಒಡೆಯಲಿಲ್ಲ, ಒಂದು. ನಲ್ಲಿ ನೀರು ಪೂಜೆಗೆ ಮೊದಲೇ ಬಂತು, ಎರಡು. ಮೊಣಕಾಲು ಸುಮ್ಮನಿತ್ತು, ಮೂರು. ಎರಡನೆಯ ಚಟ ಮಂದಿ ಮನೆಯ ಸುದ್ದಿ ಕೇಳುವುದು. ಚಾಡಿ ಹೇಳಲಿಕ್ಕಲ್ಲ, ತಿಳಿದುಕೊಳ್ಳಬೇಕೆನ್ನುವ ಒಂದು ಕಡಿತ. ಪಕ್ಕದ ಮನೆಯ ಕುಕ್ಕರ್ ಎರಡು ಸಲ ಕೂಗುವ ಬದಲು ನಾಲ್ಕು ಸಲ ಕೂಗಿದರೆ, ಯಾರು ಬಂದಿರಬಹುದು ಎಂದು ಯೋಚಿಸುತ್ತ ನನ್ನ ಸಾರು ಉಕ್ಕಿಸಿಕೊಂಡವಳು ನಾನು.

ತೆಲಂಗಾಣದ ತಾಂಡೂರಿನಲ್ಲಿ ನಮ್ಮದು ಸಣ್ಣ ಓಣಿ. ಮನೆಯ ನೆಲ, ಕಟ್ಟೆ, ಗಟಾರದ ಮೇಲಿನ ಮುಚ್ಚಿಗೆ ಎಲ್ಲಕ್ಕೂ ಊರಿನ ಕಲ್ಲುಚಪ್ಪಡಿಯೇ. ಓಣಿಯ ಕೊನೆಯ ಬಾಡಿಗೆ ಮನೆಗೆ ಮಾಳಮ್ಮ ಎಂಬ ಹುಡುಗಿ ಮದುವೆಯಾಗಿ ಬಂದಿದ್ದಳು. ಇಲ್ಲೇ ಹತ್ತಿರದ ದೌಲತಾಬಾದ್ ಕಡೆಯವಳು, ಅಣ್ಣ ಕುರಿ ಸಾಕಿಕೊಂಡಿದ್ದ. ಗಂಡ ಚಪ್ಪಡಿ ಹೇರುವ ಲಾರಿಯ ಡ್ರೈವರ್. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವಳು ಸೆರಗಿನಿಂದ ಒಂದು ಗಲ್ಲ ಮುಚ್ಚಿಕೊಂಡು ನಮ್ಮ ಬಾಗಿಲಿಗೆ ಬಂದಳು.

ನಾನು ಒಳಗೆ ಕರೆದೆ, ಮಜ್ಜಿಗೆ ಕೊಟ್ಟೆ, ಕೇಳಿದೆ. ಏನೇನು ಕೇಳಿದೆ ಅನ್ನುವುದನ್ನು ಮುಂದೆ ಹೇಳುತ್ತೇನೆ, ಈಗಲೇ ನಾಚಿಕೆ. ಎಲ್ಲ ಕೇಳಿ ತಿಳಿದುಕೊಂಡ ಮೇಲೆ ನನಗೆ ಗೊತ್ತಿದ್ದ ಒಂದೇ ಒಂದು ಒಳ್ಳೆಯ ಕೆಲಸ ಮಾಡಿದೆ. ನಮ್ಮ ಕಡೆ ಹೆಣ್ಣುಮಗಳನ್ನು ಬರಿಗೈಯಲ್ಲಿ ಮನೆಯಿಂದ ಕಳಿಸುವುದಿಲ್ಲ. ಮಣೆ ಹಾಕಿ ಕೂಡಿಸಿ, ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಐದು ಅರಿಷಿಣ ಕೊಂಬು, ಮೇಲೊಂದು ಹಸಿರು ಖಣ ಹಾಕಿ ಉಡಿ ತುಂಬಿದೆ. ಸೆರಗು ಅಲ್ಲಾಡಿ ಎರಡು ಕಾಳು ಅಕ್ಕಿ ನೆಲಕ್ಕೆ ಬಿದ್ದವು. “ಗಟ್ಟಿ ಹಿಡಕೋ” ಎಂದೆ. ನಾನೇ ಜೊತೆಗೆ ಹೋಗಿ ಅವಳ ಮನೆಯ ಬಾಗಿಲಲ್ಲಿ ನಿಂತು, ಗಂಡನಿಗೆ, “ಸಿಟ್ಟ ಮಾಡಬ್ಯಾಡಪ್ಪ, ಸಣ್ಣ ಹುಡುಗಿ ಅದ” ಎಂದೆ. ಅವನು ಬಹಳ ಮರ್ಯಾದೆಯಿಂದ, “ಆತು ಬಿಡ್ರಿ ಅವ್ವಾರ, ನೀವು ಹೇಳಿದ ಮ್ಯಾಲ ಮುಗೀತು” ಎಂದ.

ಆ ಸಂಜೆ ದೀಪದ ಮುಂದೆ ಎಣಿಸಿದೆ. ನನ್ನ ಕೈಯಿಂದ ಒಂದು ಮನೆ ಕೂಡಿತು, ನಾಲ್ಕು.

ಅಂದಿನಿಂದ ಹತ್ತು ತಿಂಗಳು ಮಾಳಮ್ಮ ನಮ್ಮ ಮನೆಯ ಕಟ್ಟೆ ತುಳಿಯಲಿಲ್ಲ. ನಲ್ಲಿಯ ಹತ್ತಿರ ಎದುರಾದರೆ ಕೊಡದ ಬಾಯಿ ನೋಡುತ್ತ ನಿಲ್ಲುತ್ತಿದ್ದಳು. ಇದು ನನ್ನನ್ನು ಕೊರೆಯಿತು. ಉಡಿ ತುಂಬಿದವಳ ಮೇಲೆ ಮುನಿಸು ಯಾಕೆ? ಸೊಕ್ಕೇ, ನಾಚಿಕೆಯೇ? ಖಣದ ಬಣ್ಣ ಹಿಡಿಸಲಿಲ್ಲವೇ ಎಂದೂ ಯೋಚಿಸಿದ್ದೇನೆ, ನನ್ನ ಬುದ್ಧಿ ನೋಡಿ.

ಉತ್ತರ ಸಿಕ್ಕಿದ್ದು ಗುಡಿಯಲ್ಲಿ. ಸೋಮವಾರ ಸಂಜೆ ನಾವು ಹದಿನೈದಿಪ್ಪತ್ತು ಹೆಂಗಸರು ಗುಡಿಯ ಹೊರಗಿನ ಅಂಕಣದಲ್ಲಿ ಭಜನೆಗೆ ಸೇರುತ್ತೇವೆ. ಅಲ್ಲಿಗೆ ಒಂದು ಸೋಮವಾರ ಶಾಹೀನ್ ಎಂಬ ಹೆಂಗಸು ಬಂದಳು. ಹುಟ್ಟೂರು ನಾರಾಯಣಖೇಡ, ಕೆಲಸ ಜಹೀರಾಬಾದಿನಲ್ಲಿ. ಮನೆಯಲ್ಲಿ ಪೆಟ್ಟು ತಿನ್ನುವ ಹೆಣ್ಣುಮಕ್ಕಳ ಬೆನ್ನಿಗೆ ನಿಲ್ಲುವ ಒಂದು ಸಂಸ್ಥೆಯಲ್ಲಿ. ಉರ್ದು, ತೆಲುಗು, ಕನ್ನಡ ಮೂರನ್ನೂ ಒಂದೇ ಮಾತಿನಲ್ಲಿ ಕಲಸಿ ಆಡುತ್ತಿದ್ದಳು, ನಮ್ಮ ಹಾಗೇ. ಮಂಗಳಾರತಿಯಾದ ಮೇಲೆ ಅರ್ಧ ತಾಸು ಕೊಡಿ ಎಂದು ಕೇಳಿಕೊಂಡಳು. ನಮ್ಮಲ್ಲಿ ಹಿರಿಯರೊಬ್ಬರು, “ದೇವರ ಮುಂದ ಹೊಡಿಯೂದು ಬಡಿಯೂದು ಮಾತ ಯಾಕವ್ವ?” ಎಂದರು.

“ಅವನಿಗಿ ಗೊತ್ತಿಲ್ಲದ್ದು ನಾ ಏನ ಹೇಳಲಿ ಅಮ್ಮಾ. ನಿಮಗ ಹೇಳಾಕ ಬಂದೀನಿ” ಎಂದಳು ಶಾಹೀನ್. ಹಿರಿಯರು ಸರಿದು ಅವಳಿಗೆ ಜಾಗ ಮಾಡಿಕೊಟ್ಟರು. ಆಮೇಲೆ ಎಲ್ಲರಿಗೂ ಅವಳು ಶಾಹೀನಾಪಾ, ಅಂದರೆ ಶಾಹೀನ್ ಅಕ್ಕ, ಆದಳು.

ಭಾಷಣ ಮಾಡುತ್ತಾಳೆ ಎಂದುಕೊಂಡಿದ್ದೆವು. ಅವಳು ಆಟ ಆಡಿಸಿದಳು. “ಯಾರರೆ ಒಬ್ಬರು ಮನಿಯಾಕಿ ಆಗ್ರಿ. ನಾನು ಪೆಟ್ಟ ತಿಂದು ಮಾರಿ ಬಾತು ನಿಮ್ಮ ಬಾಗಲಿಗಿ ಬಂದಾಕಿ. ನೀವು ಹೆಂಗ ಮಾತಾಡಸತೀರೋ ಹಂಗೇ ಮಾತಾಡಸ್ರಿ.”

ಎಲ್ಲರೂ ನನ್ನನ್ನೇ ಮುಂದೆ ದೂಡಿದರು. “ಕೇಳೂದ್ರಾಗ ಇವರನ್ನ ಬಿಟ್ಟರ ಯಾರದಾರ” ಎಂದು ಹಿಂದಿನಿಂದ ಯಾರೋ ಅಂದರು, ನಕ್ಕರು. ನಾನೂ ನಕ್ಕು ಸೆರಗು ಸರಿಮಾಡಿಕೊಂಡು ನಿಂತೆ.

“ಏನಾತವ್ವ?” ಎಂದೆ. ಎದುರಿಗಿದ್ದ ಶಾಹೀನಾಪಾ ಒಂದು ಹೆಜ್ಜೆ ಹಿಂದೆ ಸರಿದಳು.

“ಯಾಕ ಹೊಡದ?” ಇನ್ನೊಂದು ಹೆಜ್ಜೆ.

“ನೀ ಏನರೆ ಎದುರು ಮಾತಾಡಿದ್ದೇನ?” ಮತ್ತೊಂದು.

“ಕುಡದಿದ್ದನೇನ? ನಿಮ್ಮತ್ತಿ ಏನಂದ್ಳು? ಬರೂದು ಓಣ್ಯಾಗ ಯಾರರೆ ನೋಡ್ಯಾರೇನ?”

ಕೊನೆಯ ಪ್ರಶ್ನೆಗೆ ಅವಳು ಮೆಟ್ಟಿಲಿಳಿದು ಚಪ್ಪಲಿಗಳ ಹತ್ತಿರ ಹೋಗಿ ನಿಂತಿದ್ದಳು. ಹೆಂಗಸರು ನಗುತ್ತಿದ್ದರು. ನನಗೆ ಆಟದಲ್ಲಿ ಸೋಲುತ್ತಿದ್ದೇನೆ ಎಂದಷ್ಟೇ ತಿಳಿಯಿತು. ಹೇಗಾದರೂ ಅವಳನ್ನು ಒಳಗೆ ತರಬೇಕೆಂದು ನನ್ನ ಹತ್ತಿರ ಇದ್ದ ಎಲ್ಲಕ್ಕಿಂತ ಒಳ್ಳೆಯ ಮಾತು ತೆಗೆದೆ. “ಬಾರವ್ವ, ಉಂಡು ಹೋಗು. ಉಡಿ ತುಂಬಿ ಕಳಸತೀನಿ.”

ಶಾಹೀನಾಪಾ ಚಪ್ಪಲಿಗಳ ನಡುವೆ ನಿಂತುಕೊಂಡೇ ಕೇಳಿದಳು. “ಎಲ್ಲಿಗಿ ಕಳಸತೀರಿ, ಅಕ್ಕಾ?”

ಮಂಗಳಾರತಿಯ ತಟ್ಟೆಯಲ್ಲಿ ಕರ್ಪೂರ ಆರಿದ ವಾಸನೆ ಇತ್ತು. ಮಾಳಮ್ಮನಿಗೂ ಆವತ್ತು ಇವೇ ಆರು ಪ್ರಶ್ನೆ ಕೇಳಿದ್ದೆ. ನನಗೆ ನೆಲಕ್ಕೆ ಬಿದ್ದ ಆ ಎರಡು ಕಾಳು ಅಕ್ಕಿ ಕಂಡವು. ಗಟ್ಟಿ ಹಿಡಿದುಕೋ ಎಂದಿದ್ದೆನಲ್ಲ, ಅದು ಕೇಳಿಸಿತು.

ಆಮೇಲೆ ಅವಳು ಹೇಳಿದ್ದೆಲ್ಲ ಸಣ್ಣ ಸಣ್ಣ ವಿಷಯಗಳೇ. ಬಂದವಳ ಮಾತು ನಂಬಿ. ಕೂಡಿಸಿ. ಯಾಕೆ ಅಂತ ಕೇಳಬೇಡಿ, ಏನು ಬೇಕು ಅಂತ ಕೇಳಿ. ಅವಳಿಗೆ ಬೇಡವಾದರೆ ಗಂಡನಿಗೆ ಹೇಳಿ ಕಳಿಸಬೇಡಿ. ರಾಜಿ ಮಾಡಿಸುವ ಅವಸರ ಬೇಡ. ಅವಳ ಕಾಗದಪತ್ರ ಇಟ್ಟುಕೊಳ್ಳಲು ಒಂದು ಮೂಲೆ ಕೊಡಿ. ಇನ್ನೊಬ್ಬರ ಕಿವಿಗೆ ಹಾಕಬೇಡಿ. ಈ ಕೊನೆಯದನ್ನು ಹೇಳುವಾಗ ಅವಳು ನನ್ನನ್ನೇ ನೋಡಿದಳೆಂದು ನನಗೆ ಅನ್ನಿಸಿತು, ಪಾಪ, ನೋಡಿರಲಿಕ್ಕಿಲ್ಲ. ತನ್ನ ನಂಬರ್ ಎಲ್ಲರಿಗೂ ಕೊಟ್ಟು ಕೊನೆಯ ಬಸ್ಸು ಹಿಡಿದಳು. ಆ ಸಂಜೆ ನಾನು ದೀಪದ ಮುಂದೆ ಹತ್ತು ತಿಂಗಳ ಹಿಂದೆ ಎಣಿಸಿದ್ದ ಆ ನಾಲ್ಕನೆಯದನ್ನು ಲೆಕ್ಕದಿಂದ ತೆಗೆದೆ. ಎಣಿಸುವುದಕ್ಕಿಂತ ಅದು ಕಷ್ಟ.

ಮರುದಿನ ನಲ್ಲಿಯ ಹತ್ತಿರ ಮಾಳಮ್ಮ ಒಬ್ಬಳೇ ಇದ್ದಳು. “ಆವತ್ತ ನಿನ್ನ ಹೊಳ್ಳಿ ಬಿಟ್ಟು ಬಂದೆನಲ್ಲ, ತಪ್ಪ ಮಾಡೀನವ್ವ” ಎಂದೆ. ಶಾಹೀನಾಪಾ ಹೇಳಿದ್ದನ್ನೂ, ಅವಳ ನಂಬರ್ ನನ್ನ ಹತ್ತಿರ ಇರುವುದನ್ನೂ ತಿಳಿಸಿದೆ. ಅವಳು ಕೊಡ ತುಂಬಿಕೊಂಡು ಹೋದಳು. ಎಂಟು ದಿನ ಬಿಟ್ಟು, ಹಿತ್ತಲ ಬಾಗಿಲಿಗೆ ಬಂದು ಒಂದು ಬಿಸ್ಕೀಟಿನ ಡಬ್ಬಿ ಕೈಗಿಟ್ಟಳು. ಮುಚ್ಚಳಕ್ಕೆ ದಾರ ಸುತ್ತಿ ಏಳೆಂಟು ಗಂಟು ಹಾಕಿದ್ದಳು.

“ಇಟಗೋರಿ ಅಕ್ಕಾರ. ಏನದ ಅಂತ ಕೇಳಬ್ಯಾಡ್ರಿ.”

ಕೇಳಲಿಲ್ಲ. ಜಗುಲಿಯ ಕೆಳಗೆ, ವಿಭೂತಿ ಉಂಡೆಗಳ ಹಿಂದೆ ಇಟ್ಟೆ. ದೇವರು ನನ್ನನ್ನು ಪರೀಕ್ಷೆ ಮಾಡಬೇಕೆಂದರೆ ಬೇರೆ ಏನೂ ಬೇಕಾಗಿರಲಿಲ್ಲ. ಐದು ತಿಂಗಳು, ದಿನಕ್ಕೆ ಎರಡು ಸಲ, ಕಣ್ಣು ಮುಚ್ಚಿ ಕೂತರೆ ಒಳಗಣ್ಣಿಗೆ ಡಬ್ಬಿಯೇ. ಒರೆಸುವ ನೆಪದಲ್ಲಿ ಎರಡು ಸಲ ಅಲ್ಲಾಡಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ. ಒಳಗೆ ಏನೋ ಟಕಟಕ ಉರುಳಿತು. ಬಂಗಾರದ ಸದ್ದಲ್ಲ, ಬಳೆಯ ಸದ್ದೂ ಅಲ್ಲ. ನಮ್ಮ ಮನೆಯವರು ನೋಡಿ, “ಅದರಾಗ ಏನದ?” ಎಂದರು.

“ನನಗ ಗೊತ್ತಿಲ್ಲ.”

“ನಿನಗ ಗೊತ್ತಿಲ್ಲದ್ದು ಈ ಓಣ್ಯಾಗ ಒಂದರೆ ಅದ ಅಲ್ಲ, ಛಲೋ ಆತು” ಎಂದು ಪೇಪರ್ ತಿರುಗಿಸಿದರು.

ಮಾಳಮ್ಮ ಪೆಟ್ಟು ತಿಂದು ಎರಡನೆಯ ಸಲ ಬಂದಾಗ ಬೆಳಗಿನ ಹತ್ತು ಗಂಟೆ. ನಮ್ಮ ಮನೆಯವರು ಬೇಳೆ ಮಿಲ್ಲಿನ ಕೆಲಸಕ್ಕೆ ಹೋಗಿದ್ದರು. ಹಿತ್ತಲ ಬಾಗಿಲಲ್ಲಿ ನಿಂತವಳ ಎಡಗೈ ಮೊಣಕೈಯ ತನಕ ಬಾತಿತ್ತು. ನನ್ನ ನಾಲಿಗೆಯ ಮೇಲೆ ಆರೂ ಪ್ರಶ್ನೆಗಳು ಸಾಲಾಗಿ ಬಂದು ನಿಂತವು. ಬಾಯಿ ಬಿಟ್ಟರೆ ಇವಳು ಒಂದೊಂದೇ ಹೆಜ್ಜೆ ಹಿಂದೆ ಹೋಗುತ್ತಾಳೆ, ಹಿತ್ತಲ ಗೋಡೆ ದಾಟುತ್ತಾಳೆ ಎಂದು ಹೆದರಿಕೆಯಾಯಿತು.

“ಬಾ, ಕೂಡು” ಎಂದೆ. ಆ ಆರನ್ನೂ ನುಂಗಿ, “ನಿನಗ ಏನ ಬೇಕವ್ವ?” ಎಂದೆ.

ಅವಳು ಒಳಗೆ ಬಂದು ಕೂತಳು. “ಡಬ್ಬಿ ಬೇಕ್ರಿ. ಮತ್ತ ಆ ಆಪಾಗ ಒಂದ ಫೋನ್ ಹಚ್ಚಿ ಕೊಡ್ರಿ.”

ಫೋನ್ ಹಚ್ಚಿದೆ. ಶಾಹೀನಾಪಾ ಅವಳ ಹತ್ತಿರವೇ ಮಾತಾಡಿದಳು. ಆಮೇಲೆ ನನಗೆ, ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡು ಹೊರಟೆ, ಎರಡು ತಾಸು ಹಿಡಿಯುತ್ತದೆ ಎಂದಳು. ಆ ಎರಡು ತಾಸಿನ ನಡುವೆ ಮುಂದಿನ ಬಾಗಿಲು ಬಡಿದ ಸದ್ದಾಯಿತು. ಕಿಟಕಿಯಲ್ಲಿ ಅವಳ ಗಂಡ. ಅದೇ ಮರ್ಯಾದೆಯ ದನಿ.

“ನಮ್ಮಾಕಿ ಬಂದಾಳೇನ್ರಿ ಅವ್ವಾರ?”

ನಾನು ಸುಳ್ಳು ಹೇಳುವವಳಲ್ಲ. ಹಾಗಂತ ಖರೇ ಹೇಳಲಿಕ್ಕೂ ಆಗದು. “ನಂದು ಪೂಜಾ ನಡದದಪ್ಪ. ಈಗ ಬಾಗಲಾ ತಗಿಯಾಕ ಆಗಂಗಿಲ್ಲ” ಎಂದು ಕಿಟಕಿ ಮುಚ್ಚಿದೆ. ಮಾತು ಸುಳ್ಳಾಗಬಾರದಲ್ಲ, ಓಡಿಹೋಗಿ, ಬೆಳಿಗ್ಗೆ ಒಮ್ಮೆ ಮುಗಿದಿದ್ದ ಪೂಜೆಯನ್ನು ಮತ್ತೊಮ್ಮೆ ಶುರುಮಾಡಿದೆ. ಗಂಟೆ ಬಾರಿಸಿದೆ, ಬಾರಿಸಿದೆ, ಕೈ ಸೋಲುವ ತನಕ ಬಾರಿಸಿದೆ. ಅಡುಗೆಮನೆಯ ಮೂಲೆಯಲ್ಲಿ ಮಾಳಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ಹೊರಗೆ ಹೆಜ್ಜೆಯ ಸದ್ದು ಕಟ್ಟೆ ಇಳಿದು ದೂರವಾದ ಮೇಲೂ ನಾನು ಗಂಟೆ ನಿಲ್ಲಿಸಲಿಲ್ಲ. ಕೊನೆಗೆ ಅವಳೇ, “ಸಾಕ್ರಿ ಅಕ್ಕಾರ, ದೇವರು ಕಿವಿ ಮುಚ್ಚಿಕೊಂಡಿರಬೇಕು” ಎಂದಳು. ಆ ಹುಡುಗಿಗೆ ನಗಿಸಲು ಬರುತ್ತದೆ ಅನ್ನುವುದು ನನಗೆ ಆವತ್ತು ತಿಳಿಯಿತು.

ಶಾಹೀನಾಪಾ ಬರುವ ಹೊತ್ತಿಗೆ ಡಬ್ಬಿಯ ಗಂಟು ಬಿಚ್ಚಿದೆವು. ಅವಳ ಒಂದು ಕೈ, ನನ್ನ ಎರಡು. ಮೇಲೆ ಆಧಾರ್, ರೇಷನ್ ಕಾರ್ಡು, ಹತ್ತನೆಯ ಕ್ಲಾಸಿನ ಮಾರ್ಕ್ಸ್ ಮೆಮೊ. ಕೆಳಗೆ ಮಡಿಚಿದ ಹಸಿರು ಖಣ, ಅದರ ಸುತ್ತ ಐದು ಅರಿಷಿಣ ಕೊಂಬು. ಉರುಳಿದ್ದು ಅವು.

“ಹೊಲಸಲಿಲ್ಲೇನವ್ವ?” ಎಂದು ಒಂದು ಪ್ರಶ್ನೆ ಜಾರಿಯೇಬಿಟ್ಟಿತು.

“ಮನಸಾಗಲಿಲ್ರಿ. ಅಕ್ಕಿ ಅನ್ನ ಮಾಡಿ ಉಂಡೆ. ಇದನ್ನ ಮೈಮ್ಯಾಲ ಹಾಕ್ಕೊಳ್ಳಾಕ ಆಗಲಿಲ್ಲ. ನೀವು ಛಲೋ ಮನಸಲೇ ಕೊಟ್ಟೀರಿ, ಒಗಿಯಾಕೂ ಆಗಲಿಲ್ಲ.” ಖಣ, ಕೊಂಬು ಎರಡನ್ನೂ ನನ್ನ ಕೈಗೆ ಹಾಕಿದಳು. “ನಿಮ್ಮ ಹಂತ್ಯಾಕ ಇರಲಿ. ನಂದಂತ ಒಂದ ಮನಿ ಆದ ಮ್ಯಾಲ ತುಂಬ್ರಿ.”

ದವಾಖಾನೆ, ಪೊಲೀಸ್ ಠಾಣೆ, ಕೆಲವು ದಿನ ಹೆಣ್ಣುಮಕ್ಕಳನ್ನು ಇರಿಸಿಕೊಳ್ಳುವ ಕೇಂದ್ರ, ಆಮೇಲೆ ಅಣ್ಣನ ಮನೆ. ಕೇಸು ಇನ್ನೂ ನಡೆದಿದೆ. ಗಂಡ ಅವಳ ಹತ್ತಿರ ಸುಳಿಯಬಾರದೆಂದು ಕೋರ್ಟಿನವರು ಬರೆದುಕೊಟ್ಟಿದ್ದಾರೆ. ಎಲ್ಲ ಸುಖವಾಯಿತು ಎಂದು ನಾನು ಹೇಳುವುದಿಲ್ಲ. ಹೋದ ತಿಂಗಳು ಅವಳಿಗೆ ಇಲ್ಲಿಯ ಬೇಳೆ ಮಿಲ್ಲಿನಲ್ಲಿ ಕೆಲಸ ಸಿಕ್ಕಿತು. ರೈಲು ಹಳಿಯ ಆಚೆ ಒಂದು ಕೋಣೆ ಹಿಡಿದಿದ್ದಾಳೆ. ನಿನ್ನೆ ಫೋನ್ ಬಂತು. “ಅಕ್ಕಾರ, ಮನಿ ಆತ್ರಿ.”

ಅದಕ್ಕೇ ಈವತ್ತು ಬೆಳಿಗ್ಗೆ ಟ್ರಂಕು ತೆಗೆದದ್ದು. ಹೊರಟಾಗ ಓಣಿಯಲ್ಲಿ ಒಬ್ಬಾಕೆ ನನ್ನ ಕೈಯಲ್ಲಿದ್ದ ಉಡಿ ಸಾಮಾನಿನ ತಟ್ಟೆ ನೋಡಿ, “ಗಂಡನ ಬಿಟ್ಟಾಕಿಗಿ ಉಡಿ ತುಂಬೂದು ಎಲ್ಲಿ ನೋಡೀರಿ?” ಎಂದಳು. “ಈಗ ನೋಡಾಕ ಹೊಂಟೀನಿ” ಎಂದೆ.

ಕೋಣೆ ಸಣ್ಣದು. ಕೆಳಗೆ ಅದೇ ಕಲ್ಲುಚಪ್ಪಡಿ, ಗುಡಿಸಿ ಒರೆಸಿ ಹೊಳೆಯುತ್ತಿತ್ತು. ಮಣೆ ಇರಲಿಲ್ಲ, ಚಾಪೆ ಹಾಸಿದಳು. ಗೂಟದ ಹಲಗೆಯ ಮೇಲೆ ಬಿಸ್ಕೀಟಿನ ಡಬ್ಬಿ ಇತ್ತು, ದಾರವಿಲ್ಲದೆ. ನಾನು ನೋಡಿದ್ದನ್ನು ನೋಡಿ, ಕೇಳುವ ಮೊದಲೇ, “ಚಾ ಪುಡಿ ಅದ್ರಿ” ಎಂದಳು. ಉಡಿ ತುಂಬಿದೆ. ಈ ಸಲ ಸೆರಗು ಅಲ್ಲಾಡಲಿಲ್ಲ.

ಉಡಿ ತುಂಬಿಸಿಕೊಂಡವಳು ಎದ್ದು ಹೊರಡಬೇಕು, ಅದೇ ಪದ್ಧತಿ. ನಾನು ರೂಢಿಯಂತೆ ಅವಳು ಏಳಲಿ ಎಂದು ಕಾದೆ. ಅವಳು ಉಡಿ ಹಿಡಿದುಕೊಂಡು ಕೂತೇ ಇದ್ದಳು. ಎದ್ದು ಹೊರಡಬೇಕಾದವಳು ನಾನು ಎಂದು ಹೊಳೆಯಲು ಒಂದು ಗಳಿಗೆ ಬೇಕಾಯಿತು. ಹೊಸ್ತಿಲ ತನಕ ಬಂದು, “ಹೋಗಿ ಬರ್ರಿ ಅಕ್ಕಾರ” ಎಂದು ಕಳಿಸಿಕೊಟ್ಟಳು. ನಾನು ಮೆಟ್ಟಿಲಿಳಿದ ಮೇಲೆ ಒಳಗಿನಿಂದ ಅಗುಳಿ ಹಾಕಿಕೊಂಡ ಸದ್ದು ಕೇಳಿಸಿತು.

ಸಂಜೆ ದೀಪ ಹಚ್ಚಿದೆ. ಆ ಅಗುಳಿಯ ಸದ್ದು, ಒಂದು. ಅಷ್ಟಕ್ಕೇ ಕೈ ಮುಗಿದೆ.